ಮಗ್ಗ ನಿಲ್ಲದ ಮಧ್ಯಾಹ್ನ

ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬರುವ ನೆಂಟರು ಎರಡು ಕಿವಿಯನ್ನೂ ಮುಚ್ಚಿಕೊಂಡು, “ಈ ಸದ್ದಲ್ಲಿ ಹೆಂಗಪ್ಪಾ ಇರ್ತೀರಾ?” ಅನ್ನುತ್ತಾರೆ. ಯಾವ ಸದ್ದು ಎಂದು ನಾವು ಕೇಳುತ್ತೇವೆ. ಜಂಬಕ್ಕಲ್ಲ. ಮನೆಮನೆಯಲ್ಲೂ ಪವರ್‌ಲೂಮ್ ಬಡಿಯುತ್ತಿದ್ದರೂ ನಮಗೆ ನಿಜವಾಗಿಯೂ ಕೇಳಿಸುವುದಿಲ್ಲ. ಬಿ.ಎಡ್. ಸೇರಿದ ಮೇಲೆ ಇದಕ್ಕೊಂದು ಹೆಸರಿದೆಯೆಂದು ಗೊತ್ತಾಯಿತು. ಒಂದೇ ಪ್ರಚೋದನೆ ಮತ್ತೆ ಮತ್ತೆ ಬಂದರೆ ಮನಸ್ಸು ಅದಕ್ಕೆ ಪ್ರತಿಕ್ರಿಯಿಸುವುದನ್ನೇ ಬಿಡುತ್ತದೆ; ಮನೋವಿಜ್ಞಾನದವರು ಅದನ್ನು ಹ್ಯಾಬಿಚುಯೇಷನ್ ಅನ್ನುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದದ ಹೆಸರೇ ಎಂದು ನನಗೆ ಮೈ ಉರಿದಿತ್ತು. ಪರೀಕ್ಷೆಗೆ ಬರುತ್ತದಲ್ಲ, ಬಾಯಿಪಾಠ ಮಾಡಲೇಬೇಕು.

ಶ್ರಾವಣ ಶನಿವಾರದ ಮಧ್ಯಾಹ್ನ ಅದನ್ನೇ ಮಾಡುತ್ತಾ ಕೂತಿದ್ದೆ. ಅಪ್ಪ ಸೀರೆ ಕೊಡಲು ಬೆಂಗಳೂರಿಗೆ ಹೋಗಿದ್ದರು. ಗೋಡೆಯಾಚೆ ಅಮ್ಮ ಒಬ್ಬಳೇ ನೇಯುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಉಪವಾಸ ಬೇಡವೆಂದು ಬೆಳಿಗ್ಗೆ ಜಗಳವಾಡಿದ್ದೆ. “ಮಾತ್ರೆ ನುಂಗಿದೀನಲ್ಲ, ಇನ್ನೇನಾಗುತ್ತೆ? ನೀನು ಹೋಗಿ ಓದ್ಕೋ” ಅಂದಿದ್ದಳು. ಹಸಿದ ಹೊಟ್ಟೆಗೆ ಆ ಮಾತ್ರೆಯೇ ಅಪಾಯವೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಓದುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ಏನೋ ಸರಿಯಿಲ್ಲ ಅನ್ನಿಸಿತು. ಕಣ್ಣೆದುರು ಕಾರಣವಿದ್ದರೆ ಅದು ಭಯ, ಕಾರಣವೇ ತಿಳಿಯದಿದ್ದರೆ ಆತಂಕ ಎಂದು ಹಿಂದಿನ ಪಾಠದಲ್ಲಿತ್ತು. ಇದು ಪರೀಕ್ಷೆಯ ಆತಂಕವೆಂದು ನನಗೆ ನಾನೇ ಡಾಕ್ಟರಾಗಿ ಮತ್ತೆ ಪುಸ್ತಕ ಹಿಡಿದೆ. ಒಂದು ಸಾಲೂ ತಲೆಗೆ ಹತ್ತಲಿಲ್ಲ. ಎದ್ದು ಹೋಗಿ ಗ್ಯಾಸ್ ಆರಿದೆಯೇ ನೋಡಿ ಬಂದೆ. ಮಗ್ಗ ಓಡುತ್ತಿತ್ತು. ಮಗ್ಗ ಓಡುತ್ತಿದೆ ಅಂದರೆ ಅಮ್ಮ ಚೆನ್ನಾಗಿದ್ದಾಳೆ ಅಂತಲೇ ನಮ್ಮ ಮನೆಯ ಲೆಕ್ಕ.

ಆಮೇಲೆ ಹೊಳೆಯಿತು. ಮಗ್ಗ ಓಡುತ್ತಲೇ ಇತ್ತು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ನೂಲು ಸುತ್ತಿದ ಪುಟ್ಟ ಕಂಡಿಕೆ ಇರುತ್ತದೆ. ಅದು ಸ್ವಲ್ಪ ಹೊತ್ತಿಗೆಲ್ಲ ಖಾಲಿಯಾಗುತ್ತದೆ. ಆಗೆಲ್ಲ ಮಗ್ಗ ನಿಲ್ಲಿಸಿ ಬೇರೆಯದು ಹಾಕಬೇಕು. ಆ ಬಿಡುವು ಬಹಳ ಹೊತ್ತಿನಿಂದ ಬಂದೇ ಇರಲಿಲ್ಲ. ನೂಲು ಮುಗಿದರೆ ತಾನಾಗಿ ನಿಲ್ಲಬೇಕಾದ ಮಗ್ಗವೇನೋ ಹೌದು, ಆದರೆ ಹಾಗೆ ನಿಲ್ಲಿಸುವ ಭಾಗ ಕೆಟ್ಟು ತಿಂಗಳುಗಳಾಗಿದ್ದವು, ರಿಪೇರಿಯವನು ನಾಳೆ ಬರ್ತೀನಿ ಅನ್ನುತ್ತಲೇ ಇದ್ದ. ಒಳಗೆ ಬರೀ ಖಾಲಿ ಲಾಳಿ ಆಡುತ್ತಿದೆ. ಈಗ ನನಗೆ ಆದದ್ದು ಭಯ.

ಓಡಿದೆ. ಅಮ್ಮ ಗೋಡೆಗೊರಗಿ ಕುಸಿದಿದ್ದಳು. ಮೈಯೆಲ್ಲ ಬೆವರು. ತಿರುಗುವ ಬೆಲ್ಟಿಗೂ ಅವಳ ಸೆರಗಿಗೂ ಗೇಣಷ್ಟೇ ಅಂತರ. ಸ್ವಿಚ್ ಆರಿಸಿ, ಅಮ್ಮಾ ಎಂದು ಅಲುಗಾಡಿಸಿದರೆ ಯಾರನ್ನೋ ನೋಡುವಂತೆ ನನ್ನನ್ನು ನೋಡಿದಳು. ಉಪವಾಸದ ನಿತ್ರಾಣವಿರಬೇಕೆಂದು ಸಕ್ಕರೆ ನೀರು ಕಲಸಲು ಹೊರಟಾಗ, ನನ್ನ ಕೂಗಿಗೆ ಬಂದ ಪಕ್ಕದ ಮನೆಯಾಕೆ ಕೈ ಹಿಡಿದರು. “ಬೇಡ ಕಣೇ, ಶುಗರ್ ಏರ್ಬಿಡುತ್ತೆ!” ಕೊಟ್ಟರೆ ಸಾಯುತ್ತಾಳೋ, ಕೊಡದಿದ್ದರೆ ಸಾಯುತ್ತಾಳೋ? ಕ್ಲಿನಿಕ್ಕಿಗೆ ಫೋನ್ ಮಾಡಿದೆ.

“ಬೆವರ್ತಿದಾರಾ? ನುಂಗೋಕಾಗುತ್ತಾ?” ಎಂದರು ನರ್ಸ್. ಎರಡಕ್ಕೂ ಹೂಂ ಅಂದೆ. “ಹಂಗಿದ್ರೆ ಬೇಗ ಸಕ್ಕರೆ ನೀರು ಕೊಟ್ಟು ಕರ್ಕೊಂಬನ್ನಿ.”

ಗುಟುಕು ಗುಟುಕಾಗಿ ಕುಡಿಸಿದೆ. ಲೋಟ ಖಾಲಿಯಾದ ಮೇಲೆ ಅಮ್ಮ ನನ್ನ ಗುರುತು ಹಿಡಿದಳು. ಆಟೋದಲ್ಲಿ ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ.

ಉಪವಾಸ ನಿಂತಿತು. ಮಗ್ಗವೂ ರಿಪೇರಿಯಾಯಿತು. ನನ್ನ ಕಿವಿ ಮಾತ್ರ ಮೊದಲಿನಂತಾಗಲಿಲ್ಲ. ಈಗ ಪ್ರತಿ ಬಡಿತವೂ ಕೇಳಿಸುತ್ತದೆ. ಸದ್ದು ಸ್ವಲ್ಪ ಹೆಚ್ಚು ಹೊತ್ತು ಎಳೆದರೆ ಸಾಕು, ಪುಸ್ತಕ ಬಿಸುಟು ಬಾಗಿಲಿಗೆ ಓಡುತ್ತೇನೆ. “ಎಷ್ಟು ಸಲ ಇಣುಕ್ತೀಯೇ? ಬದುಕಿದೀನಿ, ಹೋಗಿ ಓದು” ಎಂದು ಅಮ್ಮ ರೇಗುತ್ತಿದ್ದಳು. ಕೆಲವು ದಿನಗಳಿಂದ ರೇಗುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಮಗ್ಗ ನಿಂತಾಗ ನಾನು ಬಾಗಿಲಲ್ಲೇ ಇದ್ದೆ, ಅಮ್ಮ ನೋಡಿರಲಿಲ್ಲ. ಲಾಳಿಯಲ್ಲಿ ಇನ್ನೂ ಅರ್ಧ ಕಂಡಿಕೆ ನೂಲಿತ್ತು. ಎಳೆಯೂ ಹರಿದಿರಲಿಲ್ಲ. ಅಮ್ಮ ಸುಮ್ಮನೆ ಕೈ ಕಟ್ಟಿ ನಿಂತು, ಆ ಬಿಡುವು ನನಗೆ ಕೇಳಿಸಲಿ ಎಂಬಂತೆ ನನ್ನ ಕೋಣೆಯ ಗೋಡೆಯ ಕಡೆ ನೋಡಿದಳು. ಒಂದು ಗಳಿಗೆ ಬಿಟ್ಟು ಮತ್ತೆ ಮಗ್ಗ ಓಡಿಸಿದಳು.