ಮೊಣಕೈ ಮೇಲಿನ ನಾಲ್ಕು ಗುಳ್ಳೆ

ಚಿಕ್ಕಂದಿನಿಂದ ನನ್ನ ಮೊಣಕೈ ಮಡಿಕೆಯಲ್ಲಿ ಇಸುಬು. ಹಿಪ್ಪುನೇರಳೆ ಸೊಪ್ಪು ಹೊತ್ತು ಬೆವರಿದರೆ ಸಾಕು, ರಕ್ತ ಬರುವ ತನಕ ಕೆರೆಯುತ್ತಿದ್ದೆ. ಹೊಂಗೆ ಎಣ್ಣೆ ಹಚ್ಚುತ್ತಿದ್ದವಳು ಅಕ್ಕ. ಸೈನ್ಯಕ್ಕೆ ಸೇರುವ ಹೊತ್ತಿಗೆ ಪುಣ್ಯಕ್ಕೆ ಆರಿತ್ತು. ಭರ್ತಿ ಮಾಡಿಕೊಳ್ಳುವ ಡಾಕ್ಟರು ಕೇಳಲಿಲ್ಲ, ನಾನೂ ತುಟಿ ಬಿಚ್ಚಲಿಲ್ಲ.

ಮೊದಲ ರಜೆಗೆ ಎರಡು ವಾರ ಇದ್ದಾಗ ನಮ್ಮ ಬ್ಯಾರಕ್ಕಿನಲ್ಲಿ ಇಬ್ಬರು ಹುಡುಗರಿಗೆ ಚಿಕನ್‌ಪಾಕ್ಸ್ ಆಯಿತು. ಅವರನ್ನು ಬೇರೆ ಕೋಣೆಗೆ ಹಾಕಿದರು, ರಜೆಯೂ ಹೋಯಿತು. ನಾನು ಹೊರಡುವ ಬೆಳಿಗ್ಗೆ ಮೊಣಕೈ ಮೇಲೆ ನಾಲ್ಕು ನೀರುಗುಳ್ಳೆ. ಇಸುಬೇ ಕಣೋ, ಬೆವರಿಗೆ ಕೆರಳಿದೆ, ಅಂತ ನನಗೆ ನಾನೇ ಹೇಳಿಕೊಂಡೆ. ಗೊತ್ತಾಗಲಿಲ್ಲ ಅಂದರೆ ನನ್ನ ಬಾಯಲ್ಲಿ ಹುಳ ಬೀಳಲಿ. ತುಂಬು ತೋಳಿನ ಅಂಗಿ ಹಾಕಿ ರೈಲು ಹತ್ತಿದೆ.

ಕೆಂಚಾರ್ಲಹಳ್ಳಿಯ ನಮ್ಮ ಮನೆಗೆ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ತುಂಬು ಬಸುರಿ. ನಾನು ಅಂಗಿ ಬಿಚ್ಚಿದಾಗ ತೋಳು ನೋಡಿದ್ದೇ, "ಅಯ್ಯೋ ನಮ್ಮಪ್ಪ, ಅಲ್ಲಿ ಎಣ್ಣೆ ಹಚ್ಚೋರೂ ಗತಿಯಿಲ್ವೇನೋ?" ಅಂತ ಹೊಂಗೆ ಎಣ್ಣೆ ತಂದು ತಾನೇ ತಿಕ್ಕಿದಳು. ಹಾಯಾಗಿತ್ತು. ನಾನು ಕೈ ಎಳೆದುಕೊಳ್ಳಲಿಲ್ಲ.

ಮಾರನೆ ದಿನ ಮೈತುಂಬ ಎದ್ದಿತು. ಇಸುಬಿದ್ದ ಕಡೆಯಂತೂ ಚರ್ಮವೇ ಕಾಣದಷ್ಟು. ಅಮ್ಮ ಮನೆಗೆ ಬಂದವಳೆ ಅಂತ ಅವ್ವ ಬಾಗಿಲಿಗೆ ಬೇವು ಸಿಕ್ಕಿಸಿದಳು, ಒಗ್ಗರಣೆ ನಿಲ್ಲಿಸಿದಳು. ಗೌರಿಬಿದನೂರಿನಿಂದ ಓಡಿಬಂದ ಭಾವ ಅಕ್ಕನನ್ನು ಕರಕೊಂಡು ಹೋಗ್ತೀನಿ ಅಂದರೆ, "ದೇವರು ಮನೇಲಿರೋವಾಗ ಹೊಸ್ತಿಲು ದಾಟಿದ್ರೆ ಮುನಿಸ್ಕೊಳ್ತಾಳೆ" ಅಂತ ಅವ್ವ ಬಿಡಲಿಲ್ಲ. ಕಳಿಸವ್ವ, ಇದು ಅಂಟುರೋಗ, ಅಂತ ನಾನು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ನನ್ನ ಬಣ್ಣ ಬಯಲಾಗುತ್ತಲ್ಲ! ಬೇವಿನ ಸೊಪ್ಪಿನ ಮೇಲೆ ಸುಮ್ಮನೆ ಮಲಗಿದ್ದೆ.

ನನಗೆ ನೀರು ಹಾಕಿ ವಾರವಾಗುವುದರೊಳಗೆ ಅಕ್ಕನ ಮುಖದಲ್ಲಿ ಗುಳ್ಳೆ ಎದ್ದವು. ಮೂರನೇ ದಿನ ಚಿಂತಾಮಣಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡು ಮಗು. ಅದರ ಮೈಮೇಲೂ ಎದ್ದವು. ಹತ್ತು ದಿನ ಇತ್ತು, ಅಷ್ಟೇ.

"ಅಮ್ಮ ಕೊಟ್ಟಳು, ಅಮ್ಮನೇ ಕರಕೊಂಡಳು" ಅಂದಿತು ಊರು. ನನ್ನನ್ನು ಒಬ್ಬರೂ ಬೈಯಲಿಲ್ಲ. ಯಾರಾದರೂ ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ರಜೆ ಮುಗಿದು ಹೊರಡುವ ದಿನ ಅಕ್ಕನ ಪಕ್ಕ ಕೂತು ಹೇಳಿಬಿಟ್ಟೆ. "ಗೊತ್ತಿದ್ದೇ ಬಂದೆ ಕಣಕ್ಕ."

ಹಾಲು ಬತ್ತಲಿ ಅಂತ ಎದೆಗೆ ಬಿಗಿದಿದ್ದ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತಿದ್ದಳು. "ನಂಗೂ ಗೊತ್ತು," ಅಂದಳು. "ಮನೆಗೆ ಯಾರು ತಂದ್ರು ಅಂತ ಡಾಕ್ಟರಮ್ಮ ಮೊದಲ ದಿನವೇ ಕೇಳಿದ್ರು. ಆಗಲೇ ನಿನ್ನ ತುಂಬು ತೋಳಿನ ಅಂಗಿ ನೆನಪಾಯ್ತು. ಅವ್ವನ ಹತ್ರ ಬಾಯಿ ಬಿಡಬೇಡ. ನನ್ನ ಹೋಗೋಕೆ ಬಿಡದೇ ಇದ್ದೋಳು ಅವಳು. ಇದು ಅಂಟುರೋಗ ಅಂತ ತಿಳಿದ್ರೆ ಉಳಿಯಲ್ಲ."

ಆಮೇಲೆ ಗೋಡೆ ಕಡೆ ತಿರುಗಿದಳು. "ಹೋಗು, ಬಸ್ ಬರುತ್ತೆ. ಇನ್ನು ನಾನಿರುವಾಗ ಈ ಮನೆಗೆ ಬರಬೇಡಪ್ಪ."