ಮನೆಯ ಕೆಳಗಿನ ನೆಲ

ವರ್ನಾ ನೊವೊಟ್ನಿ ಅಮೆರಿಕದ ಅಯೋವಾ ರಾಜ್ಯದ ಒಂದು ವಿಶ್ವವಿದ್ಯಾಲಯದ ಊರಿನಲ್ಲಿ ಬಸ್ಸು ಓಡಿಸುತ್ತಿದ್ದಳು. ಊರಾಚೆ, ಲಾರಿಗೆ ಕಟ್ಟಿ ಎಳೆತಂದು ನಿಲ್ಲಿಸಿದ ತಗಡಿನ ಮನೆಗಳ ಕೇರಿಯಲ್ಲಿ ಅವಳ ವಾಸ. ಅಲ್ಲಿ ಎಲ್ಲರಿಗೂ ಮನೆ ಸ್ವಂತದ್ದು, ಅದು ನಿಂತ ಜಾಗ ಮಾತ್ರ ಬಾಡಿಗೆಯದು. ಆ ಜಾಗವನ್ನು ಹೊಸ ಕಂಪನಿಯೊಂದು ಕೊಂಡು ಬಾಡಿಗೆಯನ್ನು ಒಮ್ಮೆಲೇ ಎರಡರಷ್ಟು ಮಾಡಿತು. ಊರೊಳಗಿನ ಮನೆಗಳಂತೂ ವಿದ್ಯಾರ್ಥಿಗಳ ಸಿರಿವಂತ ಅಪ್ಪಂದಿರಿಗಷ್ಟೇ ಎಟಕುವಂಥವು.

“ಕಷ್ಟ ಆದ್ರೆ ಮನೆ ಎತ್ಕೊಂಡು ಹೋಗಿ,” ಎಂದ ಕಂಪನಿಯ ಮ್ಯಾನೇಜರ್. ಎತ್ತಿದರೆ ಮುರಿದು ಬೀಳುವಷ್ಟು ಹಳೆಯ ಮನೆಗಳವು.

ವರ್ನಾಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೂ ಸೇರಿ ಸಹಕಾರ ಸಂಘ ಕಟ್ಟಿದರೆ ಸಾಲ ತೆಗೆದು ಜಾಗವನ್ನೇ ಕೊಳ್ಳಬಹುದೆಂದು ವಕೀಲೆಯೊಬ್ಬಳು ಹೇಳಿದ್ದೇ ತಡ, ವರ್ನಾ ಮನೆಮನೆಯ ಬಾಗಿಲು ತಟ್ಟಿದಳು. ಹೆಚ್ಚಿಸಿದ ಬಾಡಿಗೆಯನ್ನು ಯಾರೂ ಕೊಡದಂತೆ ಒಪ್ಪಿಸಿದಳು. ಪಕ್ಕದ ಮನೆಯ ಮುದುಕ ಗ್ಲೆನ್ ಒಬ್ಬನೇ ಬಾಗಿಲಲ್ಲೇ ತಡೆದ.

“ನನ್ನ ನಾಯಿ ಮೇಲೆ ದೂರು ಕೊಟ್ಟೋಳು ನೀನೇ ಅಲ್ವಾ?”

“ನಾನೇ ಕಣಯ್ಯಾ. ರಾತ್ರಿಯೆಲ್ಲ ಬೊಗಳಿದ್ರೆ ಇನ್ನೊಂದ್ಸಲ ಕೊಡ್ತೀನಿ. ಆದ್ರೆ ಆಗ ನಮ್ಮ ಸಂಘಕ್ಕೇ ಕೊಡ್ತೀನಿ. ನೀನೂ ಅದರಲ್ಲಿರು, ಬಂದು ಜಗಳ ಆಡು.”

ಗ್ಲೆನ್ ನಗು ತಡೆಯಲಾರದೆ ಒಳಗೆ ಕರೆದ.

ಒಂದು ಚಳಿಗಾಲವಿಡೀ ಹಗ್ಗಜಗ್ಗಾಟ ನಡೆಯಿತು. ಕೇರಿಯಲ್ಲಿ ಒಬ್ಬರೂ ಬಗ್ಗದಿದ್ದಾಗ ಕಂಪನಿ ಬೇಸತ್ತು ಮಾರಲು ಒಪ್ಪಿತು.

ಜಾಗ ಸಂಘದ ಹೆಸರಿಗಾದ ದಿನ ರಸ್ತೆಯುದ್ದಕ್ಕೂ ಮೇಜು ಹಾಕಿದರು. ಕಾಂಗೋದಿಂದ ಬಂದು ನೆಲೆಸಿದ ಎಸ್ಪೆರಾನ್ಸ್ ಹಾಡತೊಡಗಿದಳು.

“ಅಧ್ಯಕ್ಷರೇ, ಕುಣೀರಿ!” ಎಂದು ಗ್ಲೆನ್, ಸಂಘದ ಅಧ್ಯಕ್ಷೆಯಾಗಿದ್ದ ವರ್ನಾಳತ್ತ ಕೂಗಿದ.

ಮದುವೆಯ ದಿನವೂ ಕುಣಿಯದ ವರ್ನಾ ಅಂದು ಎಸ್ಪೆರಾನ್ಸಳ ಕೈ ಹಿಡಿದು, ಉಸಿರು ಕಟ್ಟುವವರೆಗೆ ಕುಣಿದಳು.