ಅರಿಸಿನದ ಹಾಡಿನ ಐದು ಪ್ರತಿಗಳು

ನನ್ನ ಕೀಬೋರ್ಡಿನಲ್ಲಿ ಒಂದೇ ಹಾಡು ಐದು ಸಲ ಇದೆ. ಐದಕ್ಕೂ ಹೆಸರು ಒಂದೇ, ಕೊನೆಯ ಅಂಕಿ ಮಾತ್ರ ಬೇರೆ. ಆ ಅಂಕಿ ಕಾಣದೆ ಹೋದ ಒಂದು ಬೆಳಿಗ್ಗೆ ನಾನು ತಪ್ಪು ಪ್ರತಿ ತೆರೆದೆ. ಅದರಿಂದ ನಮ್ಮ ಜೊತೆ ಹಾಡುವವರೊಬ್ಬರು ತಂಡದಲ್ಲಿ ಉಳಿಯಬೇಕೋ ಬೇಡವೋ ಎಂಬ ಮಾತು ಎದ್ದಿತು.

ನಮ್ಮದು ಮೂವರ ತಂಡ. ಹಾಡುವವರು ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯವರು, ರಾಗಿ ಹುರುಳಿ ಬೆಳೆಯುವ ಮನೆಯವರು. ನಮಗಿಂತ ದೊಡ್ಡವರಾದ್ದರಿಂದ ಅಕ್ಕ ಎನ್ನುತ್ತೇವೆ. ಡೋಲಕ್ ಬಾರಿಸುವವನು ನನ್ನ ಜೊತೆ ಓದಿದ ಗೆಳೆಯ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಕಾರ್ಯಕ್ರಮ ಒಪ್ಪಿಕೊಳ್ಳುವುದು, ವ್ಯಾನ್ ಗೊತ್ತುಮಾಡುವುದು, ಯಾರು ಹಾಡಬೇಕೆಂದು ತೀರ್ಮಾನಿಸುವುದು ಎಲ್ಲ ಅವನೇ. ಕೀಬೋರ್ಡ್ ನನ್ನದು. ಮದುವೆ, ಗೃಹಪ್ರವೇಶಗಳಿಗೆ ಹೋಗುತ್ತೇವೆ. ಮೂರು ಭಾಷೆಯ ಹಾಡುಗಳಿದ್ದರೂ ಜನ ನಮ್ಮನ್ನು ಕರೆಯುವುದು ಹೆಚ್ಚಾಗಿ ಅಕ್ಕನ ಬಾಯಲ್ಲಿರುವ ಹಳೆಯ ಮದುವೆ ಹಾಡುಗಳಿಗಾಗಿ. ಅದರಲ್ಲೂ ಅರಿಸಿನ ಕುಟ್ಟುವಾಗ ಹೇಳುವ ಹಾಡಿಗೆ.

ಕೀಬೋರ್ಡ್ ಎಂದರೆ ಸೆಕೆಂಡ್ ಹ್ಯಾಂಡಿನ ವರ್ಕ್‌ಸ್ಟೇಷನ್. ಅದರೊಳಗೆ ಸೀಕ್ವೆನ್ಸರ್ ಎಂಬ ಭಾಗವಿದೆ. ತಗ್ಗುದನಿಯ ಬೇಸ್ ಒಂದು ಟ್ರ್ಯಾಕಿನಲ್ಲಿ, ಕೊಳಲು ಇನ್ನೊಂದರಲ್ಲಿ ಎಂದು ಒಂದೊಂದಾಗಿ ನುಡಿಸಿ ತುಂಬಿಟ್ಟರೆ, ಬೇಕೆಂದಾಗ ಎಲ್ಲವನ್ನೂ ಒಟ್ಟಿಗೆ ನುಡಿಸುತ್ತದೆ. ಮರಳಿ ಮರಳಿ ಬರುವ ತಾಳದ ತುಂಡನ್ನು ಪ್ಯಾಟರ್ನ್ ಎಂದು ಬೇರೆಯಾಗಿ ಇಡಬಹುದು. ಹಾಡು, ಟ್ರ್ಯಾಕ್, ಪ್ಯಾಟರ್ನ್ ಮೂರಕ್ಕೂ ಅದು ಹೆಸರು ಕೇಳುತ್ತದೆ. ಕೊಡದಿದ್ದರೆ ಇಂಗ್ಲಿಷಿನಲ್ಲಿ ‘ಹೊಸ ಹಾಡು’ ಎಂದು ತಾನೇ ಬರೆದುಕೊಂಡು ಪಕ್ಕದಲ್ಲೊಂದು ಸಂಖ್ಯೆ ಹಾಕಿಕೊಳ್ಳುತ್ತದೆ. ಮೊದಲ ತಿಂಗಳಲ್ಲೇ ಅಂಥ ಹೊಸ ಹಾಡುಗಳು ನಲವತ್ತಾಗಿದ್ದವು. ಯಾವುದು ಯಾವುದೆಂದು ಪ್ರತಿಯೊಂದನ್ನೂ ನುಡಿಸಿ ಕೇಳಬೇಕಾಯಿತು.

ನಾನು ಹೊಸೂರಿನ ಅಂಚಿನ ಜೂಜುವಾಡಿಯಿಂದ ರಾಜ್ಯದ ಗಡಿ ದಾಟಿ ಪತ್ರಿಕೆಯೊಂದರ ಡೆಸ್ಕಿಗೆ ಹೋಗಿಬರುತ್ತಾ ಇಪ್ಪತ್ತು ವರ್ಷ ಕಳೆದವನು. ಪುಟಗಳಿಗೆ ‘ಅಂತಿಮ’, ‘ಅಂತಿಮ ಎರಡು’, ‘ಇದೇ ಅಂತಿಮ’ ಎಂದು ಹೆಸರಿಟ್ಟು ಬೈಸಿಕೊಂಡವರನ್ನು ಕಂಡಿದ್ದೇನೆ. ಮೊದಲ ವರ್ಷ ನಾನೂ ಬೈಸಿಕೊಂಡಿದ್ದೇನೆ. ನೀನು ರಜೆ ಹಾಕಿದ ದಿನ ಬೇರೆಯವರು ಹುಡುಕಿದರೂ ಸಿಗಬೇಕು ಎನ್ನುವುದು ಅಲ್ಲಿಯ ನಿಯಮ. ಹಳೆಯದನ್ನು ಅಳಿಸಬಾರದು ಎನ್ನುವುದು ಇನ್ನೊಂದು. ಎರಡನ್ನೂ ಕೀಬೋರ್ಡಿಗೆ ತಂದೆ. ಯಂತ್ರಕ್ಕೆ ಕನ್ನಡ ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲು ಹಾಡಿನ ಹೆಸರು, ಆಮೇಲೆ ಒಂದು ಜಾಗ ಬಿಟ್ಟು ಶ್ರುತಿ. ತಾಳದ ತುಂಡುಗಳಿಗೆ ಅವು ಹುಟ್ಟಿದ ಕೆಲಸದ ಹೆಸರು. ಅರಿಸಿನದ ಹಾಡಿನ ಪ್ಯಾಟರ್ನಿಗೆ ‘ಒನಕೆ’ ಎಂದಿಟ್ಟೆ. ಅಕ್ಕನ ಊರಿನಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿಗೆ ಸರದಿಯ ಮೇಲೆ ಒನಕೆ ಹಾಕುವುದನ್ನು ಫೋನಿನಲ್ಲಿ ಹಿಡಿದು, ಅದೇ ಓಟಕ್ಕೆ ತಾಳ ಕೂಡಿಸಿದ್ದೆ.

ಶ್ರುತಿಯನ್ನು ನಮ್ಮ ಕಡೆಯ ವಾದ್ಯದವರು ತಮಿಳಿನವರ ಹಾಗೆ ಕಟ್ಟೆಯಲ್ಲಿ ಎಣಿಸುತ್ತಾರೆ. ಅಂಕಿ ಹೆಚ್ಚಿದಷ್ಟೂ ದನಿ ಮೇಲೆ. ಅಕ್ಕ ತಂಡಕ್ಕೆ ಬಂದಾಗ ಅರಿಸಿನದ ಹಾಡನ್ನು ಆರು ಕಟ್ಟೆಯಲ್ಲಿ ತುಂಬಿಸಿದೆ. ಒಂದೆರಡು ವರ್ಷ ಕಳೆದ ಮೇಲೆ ಅವರು, “ಒಸಿ ಇಳ್ಸಪ್ಪ” ಅಂದರು. ಗುಂಡಿ ಒತ್ತಿದರೆ ಶ್ರುತಿಯೇನೋ ಇಳಿಯುತ್ತದೆ. ಆದರೆ ಕೊಳಲು ಮಂಕಾಗುತ್ತದೆ, ಬೇಸ್ ಗೊಗ್ಗರಾಗುತ್ತದೆ. ಹಾಗಾಗಿ ಆ ಟ್ರ್ಯಾಕುಗಳನ್ನು ಹೊಸದಾಗಿ ನುಡಿಸಿ ಐದೂವರೆಯ ಪ್ರತಿ ಮಾಡಿದೆ. ಆಮೇಲೆ ಐದು, ನಾಲ್ಕೂವರೆ, ನಾಲ್ಕು. ಹಳೆಯದನ್ನು ಅಳಿಸಲಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಒಬ್ಬರ ದನಿ ಇಳಿದ ದಾಖಲೆಯಂತೆ ಕಾಣುತ್ತಿತ್ತು. ಅದನ್ನು ನಾನು ಯಾರಿಗೂ ತೋರಿಸಿರಲಿಲ್ಲ.

ಕೆಲಮಂಗಲದ ಹತ್ತಿರದ ಒಂದು ಮದುವೆಮನೆ. ಬೆಳಗಿನ ಹತ್ತು ಗಂಟೆ, ಚಪ್ಪರದ ಕೆಳಗೆ ಒರಳಿಗೆ ಪೂಜೆಯಾಗಿತ್ತು. ಹಾಡಿನಿಂದ ಹಾಡಿಗೆ ತಡವಾಗುತ್ತದೆ ಎಂದು ಗೆಳೆಯ ಗೊಣಗುತ್ತಿದ್ದುದರಿಂದ ಅಂದು ಮೊದಲ ಬಾರಿಗೆ ಯಂತ್ರದ ಕಿರುಪಟ್ಟಿಯನ್ನು ಬಳಸಿದೆ. ಕಾರ್ಯಕ್ರಮಕ್ಕೆ ಬೇಕಾದ ಹಾಡುಗಳನ್ನಷ್ಟೇ ಆರಿಸಿ ಒಂದೆಡೆ ಇಡುವ ಸೌಕರ್ಯ ಅದು. ಆರಿಸಲು ಹೋದಾಗ ನೋಡಿದರೆ ಅದರ ಕಿಂಡಿ ಚಿಕ್ಕದು, ಹೆಸರಿನ ಎಂಟು ಅಕ್ಷರ ಮಾತ್ರ ಹಿಡಿಸುತ್ತದೆ. ಅರಿಸಿನ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏಳು ಅಕ್ಷರ, ನಾನು ಬಿಟ್ಟ ಜಾಗ ಸೇರಿ ಎಂಟು. ಅಂಕಿ ಹೊರಗುಳಿಯಿತು. ಒಂದೇ ಹೆಸರು ಐದು ಸಾಲಿನಲ್ಲಿ ಕಂಡಿತು. ನಿಲ್ಲಿಸಿ ದೊಡ್ಡ ಪಟ್ಟಿ ತೆರೆದು ನೋಡಬೇಕಿತ್ತು. ನೋಡದೆ ಮೊದಲ ಸಾಲನ್ನು ಆರಿಸಿದೆ. ಅದು ಆರು ಕಟ್ಟೆಯದು.

ಕೊಳಲು ಶುರುವಾದ ಕೂಡಲೇ ಅಕ್ಕ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಹೆಂಗಸರ ಒನಕೆ ಎದ್ದಿತ್ತು. ಮೊದಲ ಸಾಲನ್ನು ಹೇಗೋ ಹಿಡಿದರು. ಎರಡನೆಯದು ಮೇಲಕ್ಕೆ ಹೋಗುವ ಸಾಲು. ಅಲ್ಲಿ ದನಿ ಒಡೆಯಿತು. ಮೈಕಿನಲ್ಲಿ ಒಡೆದದ್ದರಿಂದ ಅಡುಗೆಯ ಕಡೆಯವರೂ ತಿರುಗಿ ನೋಡಿದರು. ಒರಳಿನ ಹತ್ತಿರ ಕೂತಿದ್ದ ಮುದುಕಿಯೊಬ್ಬಳು, “ಯಾಕವ್ವಾ, ರಾತ್ರಿ ಮೊಸ್ರು ಉಂಡ್ಬುಟ್ಯಾ?” ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು. ಅಕ್ಕನೂ ನಕ್ಕು, “ನೀವೂ ಒಸಿ ಹೇಳ್ರಮ್ಮಾ, ನಾನೊಬ್ಳೇನಾ ಮದ್ವೆ ಮಾಡೋದು?” ಎಂದು ಮೈಕನ್ನು ಅವರ ಮುಂದೆ ಹಿಡಿದರು. ನಾನು ಯಂತ್ರ ನಿಲ್ಲಿಸಿದೆ. ಹೆಂಗಸರು ತಮಗೆ ತೋಚಿದ ಶ್ರುತಿಯಲ್ಲಿ ಹಾಡು ಮುಗಿಸಿದರು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕುತ್ತೇವೆ. ವ್ಯಾನ್ ಹತ್ತಿದ ಮೇಲೆ, ಅಕ್ಕ ದೇಂಕಣಿಕೋಟೆ ಬಸ್ಸಿಗೆ ಇಳಿದುಹೋದ ನಂತರ, ಗೆಳೆಯನಿಗೆ ಹೇಳಿದೆ. ತಪ್ಪು ನನ್ನದು, ಹಳೆಯ ಪ್ರತಿ ತೆರೆದುಬಿಟ್ಟೆ ಅಂದೆ.

“ನಿಂದೇ ಕಣ್ಲಾ, ಒಪ್ಕೊಂಡೆ. ಆದ್ರೆ ಆರು ಕಟ್ಟೇಲಿ ಅಕ್ಕ ಹಾಡ್ತಿದ್ರು ತಾನೆ? ಈಗ ಆಗಲ್ಲ ತಾನೆ?”

“ಹೂಂ” ಅಂದೆ.

“ಎಷ್ಟಕ್ಕೆ ಬಂದೈತೆ ಈಗ?”

“ನಾಲ್ಕು.”

ಅವನು ಡೋಲಕ್ಕನ್ನು ಸೀಟಿನ ಕೆಳಗೆ ತಳ್ಳಿದ. ಆಮೇಲೆ, ನರ್ಸಿಂಗ್ ಓದುತ್ತಿರುವ ಒಬ್ಬ ಹುಡುಗಿ ಇದ್ದಾಳೆ, ಆರು ಕಟ್ಟೆ ಸಲೀಸಾಗಿ ಹಾಡುತ್ತಾಳೆ, ಭಾನುವಾರ ನಿನ್ನ ರೂಮಿಗೆ ಕರೆತರುತ್ತೇನೆ ಅಂದ. “ಅಕ್ಕನೂ ಬರ್ಲಿ. ಇಬ್ರನ್ನೂ ಕೇಳಾಣ. ನಂಗೇನ್ ಅಕ್ಕನ ಮ್ಯಾಲೆ ಕೋಪ್ವಾ? ಜನ ಕೇಳ್ತಾರೆ ಕಣ್ಲಾ.”

ಶುಕ್ರವಾರ ಮಧ್ಯಾಹ್ನ ಅಕ್ಕ ಒಬ್ಬರೇ ಜೂಜುವಾಡಿಗೆ ಬಂದರು. ನನ್ನ ರೂಮು ಹೆದ್ದಾರಿಯ ಪಕ್ಕ. ಲಾರಿ ಹೋದಾಗಲೆಲ್ಲ ಕಿಟಕಿ ನಡುಗುತ್ತದೆ. ಎರಡು ಬಸ್ಸು ಬದಲಿಸಿ, ಊರಿಂದ ರಸ್ತೆಗೆ ನಡೆದು ಬಂದವರಿಗೆ ನೀರು ಕೊಟ್ಟೆ. ಹಳೆಯ ಪ್ರತಿಗಳ ಸಂಗತಿಯನ್ನೂ ಭಾನುವಾರದ ಮಾತನ್ನೂ ಗೆಳೆಯ ಫೋನಿನಲ್ಲಿ ಹೇಳಿದ್ದನಂತೆ.

“ಆ ಪಟ್ಟಿ ತೆಗಿ, ನೋಡಾಣ” ಅಂದರು.

ತೆಗೆದೆ. ಅಕ್ಕ ಓದಿದ್ದು ನಾಲ್ಕನೇ ತರಗತಿ, ಅದೂ ತಮಿಳಿನಲ್ಲಿ. ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಬೆರಳಿಟ್ಟು ಆರು, ಐದೂವರೆ, ಐದು ಎಂದು ಓದಿಕೊಂಡು ಬಂದರು. ನಾಲ್ಕರ ಬಳಿ ಬೆರಳು ನಿಂತಿತು. ನನಗೆ ಇರುಸುಮುರುಸಾಯಿತು. ತಿಳಿಸದೆ ಒಬ್ಬರ ಬಗ್ಗೆ ಇಟ್ಟ ದಾಖಲೆಯನ್ನು ಅವರೇ ಓದುತ್ತಿದ್ದರು.

“ಇದ್ಯಾವ್ದು, ಈ ಕಡೇದು?”

ಹೆಸರುಗಳ ಬಲಕ್ಕೆ ಇನ್ನೊಂದು ಅಂಕಿಯ ಸಾಲಿತ್ತು. ಹಾಡಿನ ಉದ್ದ, ಎಷ್ಟು ಸುತ್ತು ತಾಳ ಎಂದು ಯಂತ್ರ ತಾನೇ ಬರೆದುಕೊಳ್ಳುವುದು. ಅದನ್ನು ನಾನು ಎಂದೂ ಓದಿರಲಿಲ್ಲ. ಅಕ್ಕ ಓದಿದರು: ಐವತ್ತಾರು, ಐವತ್ತಾರು, ಎಪ್ಪತ್ತೆರಡು, ಎಂಬತ್ತೆಂಟು, ನೂರಾ ನಾಲ್ಕು.

“ಇದು ಏರ್ತಾ ಹೋಗೈತಲ್ಲ?”

ಆಗ ನೆನಪಾಯಿತು. ಶ್ರುತಿ ಇಳಿಸಿದಾಗ ಅವರು ಒಂದೊಂದು ನುಡಿ ಸೇರಿಸು ಅನ್ನುತ್ತಿದ್ದರು. ನಾನೇ ಸೇರಿಸಿದ್ದೆ. ಹೆಸರಿನಲ್ಲಿ ಅದನ್ನು ಬರೆದಿರಲಿಲ್ಲ, ಹಾಗಾಗಿ ಮರೆತಿದ್ದೆ. ಮೂರು ನುಡಿಯ ಹಾಡು ನಾಲ್ಕು ಕಟ್ಟೆಗೆ ಬರುವಷ್ಟರಲ್ಲಿ ಆರು ನುಡಿಯಾಗಿತ್ತು.

“ಮೇಲೆ ಹಾಡೋವಾಗ ಉಸ್ರು ಸಾಲ್ತಿರ್ಲಿಲ್ಲ ಕಣಪ್ಪ” ಅಂದರು ಅಕ್ಕ. “ಮೂರ್ ನುಡಿಗೇ ಗಂಟ್ಲು ಕಟ್ಕಳದು. ನಮ್ಮತ್ತೆ ಹೇಳ್ಕೊಟ್ಟಿದ್ದು ಏಳು. ಅವ್ರು ಕೆಳಗೇ ಹೇಳೋರು. ನೀವಿಬ್ರೂ ಮೇಲೆ ಹೇಳಿದ್ರೆ ಚೆಂದ ಅಂದ್ರಿ, ನಾನೂ ಹೊಸಬ್ಳು, ಹೂಂ ಅಂದೆ.”

ದನಿ ಇಳಿದಿಲ್ಲ ಎಂದು ಅವರು ಹೇಳಲಿಲ್ಲ. “ವಯಸ್ಸಾಯ್ತು, ಇಳೀದೆ ಇರ್ತದಾ?” ಎಂದೂ ಸೇರಿಸಿದರು. ದನಿ ಇಳಿದದ್ದೂ ನಿಜ, ಹಾಡು ಬೆಳೆದದ್ದೂ ನಿಜ. ನಾನು ಒಂದೇ ಅಂಕಿಯನ್ನು ಹೆಸರಿಗೆ ಕಟ್ಟಿ, ಅದನ್ನೇ ಇಡೀ ಸುದ್ದಿ ಎಂದುಕೊಂಡಿದ್ದೆ. ಡೆಸ್ಕಿನಲ್ಲಿ ಬೇರೆಯವರ ಬರಹದಲ್ಲಿ ಇಂಥದನ್ನು ಎಷ್ಟೋ ಸಲ ತಿದ್ದಿದ್ದೇನೆ.

“ನಾಲ್ಕಕ್ಕೂ ಕೆಳಗೆ ಮಾಡ್ಬೋದಾ?”

“ಮಾಡಬಹುದು. ಯಾಕಕ್ಕ?”

“ಒಂದ್ ನುಡಿ ಉಳ್ಕಂಡೈತಲ್ಲ.”

ಕೀಬೋರ್ಡಿನಲ್ಲಿ ನಾಲ್ಕಕ್ಕೂ ಮೂರಕ್ಕೂ ನಡುವೆ ಅರ್ಧ ಕಟ್ಟೆಯ ಕರಿಮನೆ ಇಲ್ಲ. ನಾಲ್ಕರ ಕೆಳಗಿನದು ಮೂರೇ. ಸಂಜೆ ಬಸ್ಸಿನ ಹೊತ್ತಿನವರೆಗೆ ಇಬ್ಬರೂ ಕೂತೆವು. ಬೇಸನ್ನು ಹೊಸದಾಗಿ ನುಡಿಸಿದೆ, ಕೊಳಲಿನ ಜಾಗಕ್ಕೆ ನಾದಸ್ವರದ ದನಿ ಹಾಕಿದೆ, ಒನಕೆಯ ತಾಳವನ್ನು ಮುಟ್ಟಲಿಲ್ಲ. ಹೆಸರು ಬರೆಯುವಾಗ ಅಂಕಿಯನ್ನು ಮುಂದಕ್ಕೆ ತಂದೆ. ಮೊದಲು ಮೂರು, ಆಮೇಲೆ ಅರಿಸಿನ, ಕೊನೆಗೆ ಏಳು. ಹಳೆಯ ಐದಕ್ಕೂ ಹಾಗೆಯೇ ಮಾಡಿದೆ. ಇನ್ನು ಯಾವ ಕಿಂಡಿಯಲ್ಲಿ ನೋಡಿದರೂ ಶ್ರುತಿ ಮೊದಲು ಕಾಣುತ್ತದೆ. ದೊಡ್ಡ ಪಟ್ಟಿ ತೆರೆದರೆ ನುಡಿಗಳ ಲೆಕ್ಕವೂ ಕಾಣುತ್ತದೆ.

ಭಾನುವಾರ ಹುಡುಗಿ ಚೆನ್ನಾಗಿಯೇ ಹಾಡಿದಳು. ಆರು ಕಟ್ಟೆಯಲ್ಲಿ ಮೂರು ನುಡಿ, ಎಲ್ಲೂ ತಡವರಿಸಲಿಲ್ಲ. ಗೆಳೆಯ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆಮೇಲೆ ಅಕ್ಕ ಮೂರು ಕಟ್ಟೆಯಲ್ಲಿ ಶುರುಮಾಡಿದರು. ದನಿ ದಪ್ಪವಾಗಿತ್ತು, ನಯ ಕಡಿಮೆ. ಆರನೆಯ ನುಡಿಗೆ ಗೆಳೆಯ ಎಂದಿನಂತೆ ಮುಗಿಯಿತೆಂದುಕೊಂಡು ಡೋಲಕ್ಕಿನಲ್ಲಿ ಮುಕ್ತಾಯ ಕೊಟ್ಟ. ಅಕ್ಕ ನಿಲ್ಲಿಸಲಿಲ್ಲ. ಅವನು ಮತ್ತೆ ಹಿಡಿದುಕೊಂಡ. ಏಳನೆಯ ನುಡಿಯಲ್ಲಿ ಅರಿಸಿನ ಕುಟ್ಟಿದ ಹೆಂಗಸು ತನ್ನ ಕೈ ತೊಳೆದುಕೊಳ್ಳುತ್ತಾಳೆ, ಬಣ್ಣ ಹೋಗುವುದಿಲ್ಲ. ಶುಕ್ರವಾರ ಅಕ್ಕ ಬರೀ ರಾಗ ಗುನುಗಿದ್ದರು; ಆ ನುಡಿಯ ಮಾತನ್ನು ನಾವಿಬ್ಬರೂ ಕೇಳಿದ್ದು ಅಂದೇ ಮೊದಲು.

ಗೆಳೆಯ ಡೋಲಕ್ಕಿನ ಹಗ್ಗ ಎಳೆಯುತ್ತಾ ಕೂತಿದ್ದ. “ಇಷ್ಟುದ್ದ ಹಾಡಿದ್ರೆ ಅರಿಸಿನ ಪುಡಿ ಆಗಿ ಗಾಳೀಲಿ ಹೋಯ್ತದೆ” ಅಂದ.

“ಹೋಗ್ಲಿ ಬುಡು, ಇನ್ನೊಂದ್ ಸೇರು ತರ್ಲಿ” ಅಂದರು ಅಕ್ಕ.

“ಅರಿಸಿನಕ್ಕೆ ಅಕ್ಕಾನೇ ಇರ್ಲಿ. ಬಾಕಿ ಹಾಡು ಇಬ್ರೂ ಹಂಚ್ಕಳಿ” ಎಂದು ಅವನು ಎದ್ದ. ಪೂರ್ತಿ ಒಪ್ಪಿದನೆಂದು ನನಗೆ ಅನ್ನಿಸಲಿಲ್ಲ. ಸಿನಿಮಾ ಹಾಡುಗಳು ಅಂದಿನಿಂದ ಹೆಚ್ಚಾಗಿ ಹುಡುಗಿಯ ಪಾಲಿಗೇ ಹೋಗಿವೆ. ಕೆಲಮಂಗಲದ ಮದುವೆಮನೆಯವರಿಗೂ ಫೋನ್ ಮಾಡಿ, ಅಂದು ತಪ್ಪಿದ್ದು ಯಂತ್ರದವನು, ಹಾಡಿದವರಲ್ಲ ಎಂದು ಹೇಳಿದೆ. ಅವರು ಅದನ್ನು ಆಗಲೇ ಮರೆತಿದ್ದರು.

ಎಲ್ಲರೂ ಹೊರಡುವಾಗ ನಾನು ಅಕ್ಕನನ್ನು ಕೇಳಿದೆ. ಇನ್ನು ಮೂರರದ್ದೇ ಹಾಡುವುದಾದರೆ ಮೇಲಿನವು ಬೇಕೇ, ಅಳಿಸಲೇ ಎಂದು. ಇಷ್ಟು ವರ್ಷದಲ್ಲಿ ಒಂದನ್ನೂ ಅಳಿಸದ ನಾನು ಅವರು ಹೇಳಿದ್ದರೆ ಅಳಿಸುತ್ತಿದ್ದೆ. ಅಕ್ಕ ಚಪ್ಪಲಿ ಮೆಟ್ಟುತ್ತಾ, ಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿಯ ಕಡೆ ನೋಡಿದರು.

“ಅಳಿಸ್ಬೇಡ. ಆರರದ್ದು ಇವ್ಳಿಗೆ ಮಡಗು” ಅಂದರು. “ಹಾಡ್ತಾ ಹಾಡ್ತಾ ಇಳ್ಕಂಡ್ ಬತ್ತಾಳೆ.”